ಹಿಮಾಲಯದ ಮೇಲೆ ಹನ್ನೆರಡು ನಿಮಿಷ

ಸೋಮನಾಥಪುರದ ಕೇಶವ ದೇವಾಲಯದ ಅಂಗಳದಲ್ಲಿ ನಿಂತು ಶಿಖರದ ಕುಸುರಿಗೆಲಸ ನೋಡಲು ಕತ್ತೆತ್ತಿದವರಿಗೆ ಕೆಲವೊಮ್ಮೆ ಇನ್ನೊಂದು ನೋಟವೂ ಸಿಗುತ್ತದೆ. ಶಿಖರಕ್ಕೂ ಮೇಲೆ, ತೀರಾ ಮೇಲೆ, ಬಿಳಿ ಗೆರೆ ಎಳೆಯುತ್ತ ಹೋಗುವ ವಿಮಾನ. ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳು ಮೇಷ್ಟ್ರ ಮಾತು ಮರೆತು ಅದರತ್ತ ಕೈಬೀಸುತ್ತಾರೆ. ಅಷ್ಟು ಎತ್ತರದಲ್ಲಿ, ಅಂದರೆ ಸುಮಾರು 35,000 ಅಡಿಯಲ್ಲಿ, ಹೊರಗಿನ ಚಳಿ ಸೊನ್ನೆಗಿಂತ 40 ಡಿಗ್ರಿಗೂ ಹೆಚ್ಚು ಕೆಳಗಿರುತ್ತದೆ. ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಕಾಲು ಭಾಗವೂ ಇರುವುದಿಲ್ಲ. ಒಳಗಿನ ಪ್ರಯಾಣಿಕರು ಮಾತ್ರ ಕಾಲು ಚಾಚಿ ಕಾಫಿ ಕುಡಿಯುತ್ತಿರುತ್ತಾರೆ.

ಆ ಒಳಗಿನ ಗಾಳಿ ಇದ್ದಕ್ಕಿದ್ದ ಹಾಗೆ ಹೊರಗೆ ನುಗ್ಗಿಬಿಟ್ಟರೆ?

ಸೋಮನಾಥಪುರದ ಮೇಲೆ ಹಾಗಾದರೆ ಉತ್ತರ ಸುಲಭ. ಪೈಲಟ್ ಮೊದಲು ತನ್ನ ಮಾಸ್ಕ್ ಹಾಕಿಕೊಳ್ಳುತ್ತಾನೆ, ಇಂಜಿನ್ನಿನ ಬಲ ತಗ್ಗಿಸುತ್ತಾನೆ, ರೆಕ್ಕೆಯ ಮೇಲಿನ ತಡೆಹಲಗೆಗಳನ್ನು ಎಬ್ಬಿಸಿ ಮೂಗು ಕೆಳಗೆ ಮಾಡುತ್ತಾನೆ. ನಿಮಿಷಕ್ಕೆ ಆರೇಳು ಸಾವಿರ ಅಡಿಯಂತೆ ಇಳಿದರೆ ಐದು ನಿಮಿಷದೊಳಗೆ ವಿಮಾನ 10,000 ಅಡಿಗೆ ಬರುತ್ತದೆ. ಅಲ್ಲಿ ಮಾಸ್ಕ್ ಇಲ್ಲದೆಯೂ ಮನುಷ್ಯ ಉಸಿರಾಡಬಲ್ಲ. ಆ 10,000 ಅಡಿಯನ್ನು ಮುಟ್ಟುವ ಬೆಟ್ಟ ಕರ್ನಾಟಕದಲ್ಲಿ ಒಂದೂ ಇಲ್ಲ. ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್, ಅಂದರೆ 6,300 ಅಡಿ ಚಿಲ್ಲರೆ. ಇಡೀ ದಕ್ಷಿಣ ಭಾರತದ ಎತ್ತರದ ತುದಿ, ಕೇರಳದ ಆನಮುಡಿ, 2,695 ಮೀಟರ್. ಅದೂ 9,000 ಅಡಿ ದಾಟುವುದಿಲ್ಲ. ಹಾಗಾಗಿ ಬೆಂಗಳೂರಿನಿಂದ ಕೇರಳದ ಕಡೆ ಹೋಗುವ ಪೈಲಟ್ ಈ ವಿಷಯದಲ್ಲಿ ಎಡಕ್ಕೋ ಬಲಕ್ಕೋ ಎಂದು ಯೋಚಿಸಬೇಕಾಗಿಲ್ಲ. ಎಲ್ಲಿದ್ದಾನೋ ಅಲ್ಲೇ ಇಳಿಯಬಹುದು.

ಅದೇ ವಿಮಾನಕ್ಕೆ, ಅದೇ ತೊಂದರೆ, ಹಿಮಾಲಯದ ಮೇಲೆ ಬಂದರೆ ಕಥೆಯೇ ಬೇರೆ. ಅಲ್ಲಿ 10,000 ಅಡಿಯಲ್ಲಿ ಗಾಳಿ ಇಲ್ಲ, ಬಂಡೆ ಇದೆ. ಎವರೆಸ್ಟ್ 29,000 ಅಡಿ ದಾಟುತ್ತದೆ, ಕಾರಕೋರಂನ ಕೆ2 28,000 ದಾಟುತ್ತದೆ, ದೆಹಲಿಯಿಂದ ಲೇಹ್‌ಗೆ ಹೋಗುವ ಸೀಮೆಯ ನುನ್ ಶಿಖರ 23,000 ದಾಟುತ್ತದೆ. ಮೇಲೆ ಉಸಿರಿಲ್ಲ, ಕೆಳಗೆ ಜಾಗವಿಲ್ಲ. ಈ ಎರಡರ ನಡುವೆ ಜೀವ ಉಳಿಸುವ ಹಾದಿಯನ್ನು ವಿಮಾನ ನೆಲ ಬಿಡುವ ಮೊದಲೇ ಗುರುತು ಹಾಕಿಡುವ ಒಂದು ವಿದ್ಯೆಯಿದೆ. ಅದನ್ನು ವಿಮಾನಯಾನದವರು ಎಸ್ಕೇಪ್ ರೂಟ್ ಅನ್ನುತ್ತಾರೆ. ಪಾರಾಗುವ ದಾರಿ. ಇಂದಿನ ಮಾತು ಆ ದಾರಿಯ ಬಗ್ಗೆ.

ಮೊದಲು ಒಳಗಿನ ಗಾಳಿಯ ವಿಚಾರ. ನಂಜನಗೂಡಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋಗಿ ಬಂದವರೆಲ್ಲ ಇದಕ್ಕೆ ಸಂಬಂಧಪಟ್ಟ ಪ್ರಯೋಗವೊಂದನ್ನು ತಮಗರಿವಿಲ್ಲದೆ ಮಾಡಿದ್ದಾರೆ. ನಂಜನಗೂಡಿನ ಅಂಗಡಿಯಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಊಟಿಯ ಘಾಟಿ ಹತ್ತುತ್ತ ಹತ್ತುತ್ತ ಉಬ್ಬಿ ಬಿಗಿಯಾಗುತ್ತದೆ. ಒಳಗಿರುವುದು ನಂಜನಗೂಡಿನ ಗಾಳಿ. ಹೊರಗಿರುವುದು ಬೆಟ್ಟದ ತೆಳು ಗಾಳಿ. ಕಿವಿ ಗುಂಯ್ ಅನ್ನುವುದೂ ಅದಕ್ಕೇ. ವಿಮಾನವೂ ಅಂಥದೇ ಉಬ್ಬಿದ ಪೊಟ್ಟಣ. ಹೆಚ್ಚಿನ ವಿಮಾನಗಳಲ್ಲಿ ಇಂಜಿನ್ ಒತ್ತಿ ದಟ್ಟ ಮಾಡಿದ ಗಾಳಿಯಲ್ಲಿ ಒಂದು ಪಾಲನ್ನು ತಣಿಸಿ ಒಳಗೆ ಬಿಡುತ್ತಾರೆ; ಹಿಂಭಾಗದ ಕವಾಟವೊಂದು ಬೇಕಾದಷ್ಟನ್ನೇ ಉಳಿಸಿಕೊಂಡು ಮಿಕ್ಕದ್ದನ್ನು ಹೊರಗೆ ಕಳಿಸುತ್ತದೆ. ಹೀಗೆ ಒಳಗೆ ಹೆಚ್ಚೆಂದರೆ 8,000 ಅಡಿ ಎತ್ತರದ ಗಾಳಿಯನ್ನು ಕಾಯ್ದುಕೊಳ್ಳುತ್ತಾರೆ. ಊಟಿ ಇರುವುದು 7,300 ಅಡಿ ಚಿಲ್ಲರೆಯಲ್ಲಿ, ದೊಡ್ಡಬೆಟ್ಟ 8,600 ಅಡಿ ಚಿಲ್ಲರೆಯಲ್ಲಿ. ವಿಮಾನ ಆಕಾಶದಲ್ಲಿ ಎಷ್ಟೇ ಎತ್ತರದಲ್ಲಿರಲಿ, ಅದರೊಳಗೆ ಕೂತವರು ಉಸಿರಾಡುತ್ತಿರುವುದು ಹೆಚ್ಚೆಂದರೆ ಊಟಿಗೂ ದೊಡ್ಡಬೆಟ್ಟಕ್ಕೂ ನಡುವಿನ ಗಾಳಿಯನ್ನು.

ಆ ಗಾಳಿಯನ್ನು ಒಳಗೆ ಹಿಡಿದಿಡುವ ಬಲ ಸಣ್ಣದಲ್ಲ. ಹೊರಗಿನ ಒತ್ತಡಕ್ಕೂ ಒಳಗಿನದಕ್ಕೂ ಇರುವ ವ್ಯತ್ಯಾಸದಿಂದ ವಿಮಾನದ ಮೈಯ ಪ್ರತಿ ಚದರ ಮೀಟರಿನ ಮೇಲೆ ಐದಾರು ಟನ್ ಭಾರ ಒಳಗಿನಿಂದ ಹೊರಕ್ಕೆ ಒತ್ತುತ್ತಿರುತ್ತದೆ. ಒಂದೂಕಾಲು ಅಡಿ ಎತ್ತರ, ಮುಕ್ಕಾಲು ಅಡಿ ಅಗಲದ ಪುಟ್ಟ ಕಿಟಕಿಯ ಪಾಲಿಗೇ ಸುಮಾರು ಐದು ಕ್ವಿಂಟಾಲ್ ಬರುತ್ತದೆ. ತಿ. ನರಸೀಪುರದ ರೈತನ ಲೆಕ್ಕದಲ್ಲಿ ಹೇಳುವುದಾದರೆ, ಪ್ರಯಾಣಿಕ ಕೆನ್ನೆ ಆನಿಸಿ ಮಲಗಿರುವ ಆ ಕಿಟಕಿಯ ಮೇಲೆ ಅರ್ಧ ಟನ್ ಭತ್ತ ಪೇರಿಸಿದ ಹಾಗೆ.

ಗಾಳಿ ಹೊರಗೆ ಹೋದ ಗಳಿಗೆಯಲ್ಲಿ ಒಳಗೆ ಮಂಜು ಕವಿಯುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದಾಗ ಬಾಯಲ್ಲಿ ಒಂದು ಕ್ಷಣ ಬಿಳಿ ಹಬೆ ಕಾಣುತ್ತದಲ್ಲ, ಅದೇ. ಒತ್ತಡ ಇಳಿದಾಗ ಗಾಳಿ ತಣ್ಣಗಾಗಿ ತೇವ ಹನಿಗಟ್ಟುತ್ತದೆ. ಕಿವಿ ಸಿಡಿಯುವ ಹಾಗಾಗುತ್ತದೆ, ಚಳಿ ಹೊಡೆಯುತ್ತದೆ. ಒಳಗಿನ ಗಾಳಿ ಸುಮಾರು 14,000 ಅಡಿಯ ಮಟ್ಟಕ್ಕೆ ತೆಳುವಾದ ಕೂಡಲೇ ತಲೆಯ ಮೇಲಿನ ಮುಚ್ಚಳ ತೆರೆದು ಹಳದಿ ಬಟ್ಟಲಿನ ಮಾಸ್ಕ್‌ಗಳು ಜೋತುಬೀಳುತ್ತವೆ.

ಇಲ್ಲಿಂದ ಗಡಿಯಾರ ಶುರು.

35,000 ಅಡಿಯಲ್ಲಿ ಆಮ್ಲಜನಕ ಸಿಗದೆ ಮನುಷ್ಯ ತಾನು ಏನು ಮಾಡುತ್ತಿದ್ದೇನೆಂದು ತಿಳಿದು ಕೆಲಸ ಮಾಡಬಲ್ಲ ಸಮಯ ಅರ್ಧ ನಿಮಿಷದಿಂದ ಒಂದು ನಿಮಿಷ. 25,000 ಅಡಿಯಲ್ಲಿ ಮೂರರಿಂದ ಐದು ನಿಮಿಷ. ಇದನ್ನು ಮೈಮೇಲೆ ಅನುಭವಿಸಿ ಕಲಿಯುವ ಜಾಗ ನಮ್ಮ ಬೆಂಗಳೂರಿನಲ್ಲೇ ಇದೆ. 1957ರಲ್ಲಿ ಸ್ಕೂಲ್ ಆಫ್ ಏವಿಯೇಷನ್ ಮೆಡಿಸಿನ್ ಎಂದು ಆರಂಭವಾಗಿ ಇಂದು ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಆಗಿರುವ ವಾಯುಪಡೆಯ ಸಂಸ್ಥೆ ಅದು. ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋಗುವ ಮುನ್ನ ಪರೀಕ್ಷೆಗೆ ಒಳಗಾದದ್ದು ಇಲ್ಲೇ, ಗಗನಯಾನದ ಯಾತ್ರಿಗಳ ಆಯ್ಕೆ ನಡೆದದ್ದೂ ಇಲ್ಲೇ. ಇಂಥ ಸಂಸ್ಥೆಗಳಲ್ಲಿ ಒಂದು ಉಕ್ಕಿನ ಕೋಣೆ ಇರುತ್ತದೆ. ಪೈಲಟ್‌ಗಳನ್ನು ಒಳಗೆ ಕೂರಿಸಿ ಪಂಪಿನಿಂದ ಗಾಳಿ ಎಳೆಯುತ್ತಾರೆ. ನೆಲದ ಮೇಲೇ ಕೂತು ಇಪ್ಪತ್ತೈದು ಸಾವಿರ ಅಡಿ ಏರಿದ ಹಾಗೆ. ಆಮೇಲೆ ಮಾಸ್ಕ್ ತೆಗೆಸಿ ಕೈಗೆ ಕಾಗದ, ಪೆನ್ಸಿಲ್ ಕೊಡುತ್ತಾರೆ. ಸಣ್ಣ ಕಳೆಯುವ ಲೆಕ್ಕ, ಇಲ್ಲವೇ ತನ್ನದೇ ಹೆಸರು ಬರೆಯುವುದು. ಮೊದಲ ಸಾಲು ಮುತ್ತಿನ ಹಾಗಿರುತ್ತದೆ. ಮೂರನೆಯ ಸಾಲಿನ ಹೊತ್ತಿಗೆ ಅಕ್ಷರ ವಾಲುತ್ತದೆ. ಆಮೇಲಿನದು ಗೀಚು. ಆದರೆ ಬರೆಯುತ್ತಿರುವವನ ಮುಖದಲ್ಲಿ ನಗು! ಎಲ್ಲ ಸರಿಯಾಗಿದೆ ಎಂದೇ ಅವನಿಗೆ ಅನ್ನಿಸುತ್ತಿರುತ್ತದೆ. ಆಮ್ಲಜನಕದ ಕೊರತೆ ಕುತ್ತಿಗೆ ಹಿಸುಕಿದ ಹಾಗೆ ಬರುವುದಿಲ್ಲ, ಸುಖವಾದ ಮಂಪರಿನಂತೆ ಬರುತ್ತದೆ. ಅದರ ಭಯಾನಕತೆ ಇರುವುದು ಅಲ್ಲಿಯೇ.

2005ರ ಆಗಸ್ಟ್ 14ರಂದು ಸೈಪ್ರಸ್‌ನ ಲಾರ್ನಾಕದಿಂದ ಅಥೆನ್ಸ್‌ಗೆ ಹೊರಟ ಹೀಲಿಯಾಸ್ ಸಂಸ್ಥೆಯ ಬೋಯಿಂಗ್ 737 ವಿಮಾನದಲ್ಲಿ ಆದದ್ದು ಇದೇ. ಹಿಂದಿನ ರಾತ್ರಿಯ ತಪಾಸಣೆಯಲ್ಲಿ ಒತ್ತಡ ನಿಯಂತ್ರಿಸುವ ಗುಂಡಿಯನ್ನು ಸ್ವಯಂಚಾಲಿತದಿಂದ ಕೈಚಾಲಿತಕ್ಕೆ ತಿರುಗಿಸಿದ್ದರು, ಹಾಗೇ ಉಳಿಯಿತು. ವಿಮಾನ ಏರುತ್ತ ಹೋದಂತೆ ಒಳಗಿನ ಗಾಳಿಯೂ ತೆಳುವಾಯಿತು. ಎಚ್ಚರಿಕೆಯ ಕೊಂಬು ಕೂಗಿದಾಗ ಪೈಲಟ್‌ಗಳು ಅದನ್ನು ಬೇರೆ ಯಾವುದೋ ದೋಷವೆಂದುಕೊಂಡರು. ಮಾತಾಡುತ್ತ ಮಾತಾಡುತ್ತಲೇ ಅವರ ಬುದ್ಧಿ ಮಸುಕಾಯಿತು. ಸ್ವಯಂಚಾಲಕ ಯಂತ್ರ ವಿಮಾನವನ್ನು ಅಥೆನ್ಸ್‌ವರೆಗೆ ತಂದು ಆಕಾಶದಲ್ಲಿ ಸುತ್ತು ಹಾಕಿಸಿತು. ಇಂಧನ ಮುಗಿದು ಬೆಟ್ಟಕ್ಕೆ ಬಿದ್ದಾಗ 121 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ನಮ್ಮಲ್ಲೂ ಹತ್ತಿರ ಹತ್ತಿರ ಅಂಥದೇ ಘಟನೆ ನಡೆದಿದೆ. 2018ರ ಸೆಪ್ಟೆಂಬರ್ 20ರಂದು ಮುಂಬಯಿಯಿಂದ ಜೈಪುರಕ್ಕೆ ಹೊರಟ ಜೆಟ್ ಏರ್‌ವೇಸ್ ವಿಮಾನದಲ್ಲಿ ಇಂಜಿನ್ನಿನ ಗಾಳಿಯನ್ನು ಒಳಗೆ ಬಿಡುವ ಸ್ವಿಚ್ ಹಾಕುವುದೇ ತಪ್ಪಿಹೋಗಿತ್ತು. 166 ಪ್ರಯಾಣಿಕರಲ್ಲಿ ಸುಮಾರು 30 ಮಂದಿಯ ಕಿವಿ, ಮೂಗುಗಳಲ್ಲಿ ರಕ್ತ ಬಂತು. ವಿಮಾನ ಹಿಂದಿರುಗಿ ಇಳಿದದ್ದರಿಂದ ಜೀವ ಉಳಿಯಿತು.

ಈಗ ಆ ಹಳದಿ ಮಾಸ್ಕಿನ ಕಡೆ ಬರೋಣ. ಪ್ರಯಾಣಿಕರಿಗೆ ಆಮ್ಲಜನಕ ಕೊಡುವುದು ಬಹುತೇಕ ವಿಮಾನಗಳಲ್ಲಿ ದೊಡ್ಡ ಸಿಲಿಂಡರ್ ಅಲ್ಲ. ತಲೆಯ ಮೇಲೆ ಪ್ರತಿ ಸಾಲಿಗೂ ಅಂಗೈಯಲ್ಲಿ ಹಿಡಿಯುವಷ್ಟು ಲೋಹದ ಡಬ್ಬಿಯಿರುತ್ತದೆ. ಅದರೊಳಗೆ ಸೋಡಿಯಂ ಕ್ಲೋರೇಟ್ ಎಂಬ ಲವಣದ ಉಂಡೆ. ಮಾಸ್ಕನ್ನು ಮುಖದ ಕಡೆ ಎಳೆದಾಗ ದಾರಕ್ಕೆ ಕಟ್ಟಿದ ಪಿನ್ ಕಳಚಿ ಒಂದು ಕಿಡಿ ಹೊತ್ತುತ್ತದೆ. ಲವಣ ಕಾದು ಆಮ್ಲಜನಕ ಬಿಡತೊಡಗುತ್ತದೆ. ಡಬ್ಬಿ ಬಿಸಿಯಾಗುತ್ತದೆ, ಸುಟ್ಟ ವಾಸನೆಯೂ ಬರಬಹುದು, ಹೆದರಬೇಕಾಗಿಲ್ಲ. ಒಮ್ಮೆ ಹೊತ್ತಿದರೆ ಊದಿನಕಡ್ಡಿಯ ಹಾಗೆ ತನ್ನ ಪಾಡಿಗೆ ಉರಿದು ಮುಗಿಯುತ್ತದೆ, ನಡುವೆ ಆರಿಸಲು ಆಗುವುದಿಲ್ಲ. ಎಷ್ಟು ಹೊತ್ತು? ಡಬ್ಬಿಯ ಬಗೆಯ ಮೇಲೆ 12, 15 ಅಥವಾ 22 ನಿಮಿಷ. ಅಷ್ಟೇ.

ಇಲ್ಲಿಯೇ ಬೆಟ್ಟದ ಲೆಕ್ಕ ಶುರುವಾಗುವುದು. ಇಳಿಯುತ್ತಿರುವ ವಿಮಾನ ನಿಮಿಷಕ್ಕೆ ಸುಮಾರು 13 ಕಿಲೋಮೀಟರ್ ಸಾಗುತ್ತದೆ ಅಂದುಕೊಳ್ಳಿ. ಹನ್ನೆರಡು ನಿಮಿಷಕ್ಕೆ ನೂರೈವತ್ತು ಕಿಲೋಮೀಟರ್ ಚಿಲ್ಲರೆ: ಮೈಸೂರಿನಿಂದ ಬೆಂಗಳೂರು. ಇಪ್ಪತ್ತೆರಡು ನಿಮಿಷಕ್ಕೆ 285 ಕಿಲೋಮೀಟರ್: ಮೈಸೂರಿನಿಂದ ಮಂಗಳೂರು, ಇನ್ನೂ ಸ್ವಲ್ಪ ಆಚೆ. ಆ ದೂರದೊಳಗೆ ವಿಮಾನ ಬೆಟ್ಟಗಳ ಸೀಮೆಯಿಂದ ಹೊರಬಿದ್ದು, ಜನ ಮಾಸ್ಕಿಲ್ಲದೆ ಉಸಿರಾಡುವ ಎತ್ತರಕ್ಕೆ ಇಳಿದಿರಬೇಕು. ಹಿಮಾಲಯದ ಸಾಲನ್ನು ಅಡ್ಡಡ್ಡ ದಾಟುವಾಗ ಇದು ಹೇಗೋ ಹೊಂದಬಹುದು. ಟಿಬೆಟ್ ಪ್ರಸ್ಥಭೂಮಿಯಂತೂ ಉತ್ತರ ದಕ್ಷಿಣವಾಗಿಯೇ ಸಾವಿರ ಕಿಲೋಮೀಟರಿನಷ್ಟು ಹರಡಿದೆ. ಅದರ ನೆಲವೇ ಸರಾಸರಿ 14,000 ಅಡಿಗಿಂತ ಮೇಲೆ. ಅದರ ನಡುಮಧ್ಯದಲ್ಲಿ ಗಾಳಿ ಕಳೆದುಕೊಂಡ ವಿಮಾನಕ್ಕೆ ಯಾವ ದಿಕ್ಕಿಗೆ ಓಡಿದರೂ ಡಬ್ಬಿಯ ಆಮ್ಲಜನಕ ಸಾಲದು. ದೊಡ್ಡ ಸಿಲಿಂಡರುಗಳಲ್ಲಿ ಹೆಚ್ಚು ಆಮ್ಲಜನಕ ಹೊತ್ತ ವಿಮಾನಗಳಿಗೆ ಮಾತ್ರ ಆ ಹಾದಿ ತೆರೆದಿರುವುದು ಇದೇ ಕಾರಣಕ್ಕೆ. ಚೀನಾದ ಕುನ್ಮಿಂಗ್ ಕಡೆಯಿಂದ ಪಶ್ಚಿಮಕ್ಕೆ ಆ ಎತ್ತರದ ನಾಡಿನ ಮೇಲೆ ಹಾಯುವ ಎಲ್888 ಎಂಬ ಆಕಾಶಮಾರ್ಗ ಪೈಲಟ್‌ಗಳ ನಡುವೆ ಹೆಸರಾಗಿರುವುದೂ ಇದಕ್ಕೇ.

ಹಾಗಾದರೆ ಎಲ್ಲ ವಿಮಾನಗಳಲ್ಲೂ ಬೇಕಾದಷ್ಟು ಆಮ್ಲಜನಕ ತುಂಬಿಸಿಬಿಟ್ಟರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆಮ್ಲಜನಕ ಸಾಧು ಸರಕಲ್ಲ. 1996ರ ಮೇ 11ರಂದು ಅಮೆರಿಕದ ಮಯಾಮಿಯಿಂದ ಹೊರಟ ವ್ಯಾಲ್ಯೂಜೆಟ್ ವಿಮಾನದ ಸರಕು ಕೋಣೆಯಲ್ಲಿ ಸಾಗಿಸುತ್ತಿದ್ದ ಇಂಥವೇ ಡಬ್ಬಿಗಳು ಹೊತ್ತಿಕೊಂಡು 110 ಮಂದಿ ಸತ್ತರು. 2008ರ ಜುಲೈ 25ರಂದು ಹಾಂಗ್‌ಕಾಂಗ್‌ನಿಂದ ಮೆಲ್ಬರ್ನ್‌ಗೆ ಹೋಗುತ್ತಿದ್ದ ಕ್ವಾಂಟಾಸ್‌ನ ಬೋಯಿಂಗ್ 747ರಲ್ಲಿ ಆಮ್ಲಜನಕದ ಸಿಲಿಂಡರೊಂದು ಸಿಡಿದು ವಿಮಾನದ ಮೈಯನ್ನೇ ತೂತು ಮಾಡಿತು. ಅದು ಕೆಳಗೆ ಇಳಿದು ಮನಿಲಾ ಸೇರಿತು, ಎಲ್ಲರೂ ಉಳಿದರು. ಉಸಿರು ಕಾಯಬೇಕಾದ ವಸ್ತುವೇ ಉಸಿರಿಗೆ ಕುತ್ತಾದ ಉದಾಹರಣೆಗಳು ಇವು. ಹಾಗಾಗಿ ಆಮ್ಲಜನಕದ ಡಬ್ಬಿ ಹೆಚ್ಚಿಸುವುದಕ್ಕಿಂತ ಹಾದಿಯನ್ನು ಚೆನ್ನಾಗಿ ಹಾಕುವುದೇ ಮೇಲು ಎಂಬುದು ಬಹುಕಾಲದ ಅನುಭವ.

ಹಾದಿ ಹಾಕುವವರು ಪೈಲಟ್‌ಗಳಿಗಿಂತ ಮೊದಲು ವಿಮಾನ ಸಂಸ್ಥೆಯ ಕಚೇರಿಯಲ್ಲಿ ಕೂತ ಎಂಜಿನಿಯರುಗಳು, ಹಾರಾಟದ ಯೋಜನೆ ಸಿದ್ಧಪಡಿಸುವ ಡಿಸ್ಪ್ಯಾಚರುಗಳು. ಅವರ ಹೆಸರು ಪ್ರಯಾಣಿಕರಿಗೆ ಗೊತ್ತಾಗುವುದೇ ಇಲ್ಲ. ಅವರು ಆಕಾಶಮಾರ್ಗದ ಇಕ್ಕೆಲಗಳ ನೆಲದ ಎತ್ತರವನ್ನು ನಕ್ಷೆಯಿಂದ ತೆಗೆದು, ಬೆಟ್ಟದ ಸೀಮೆಯಲ್ಲಿ ಅತಿ ಎತ್ತರದ ತುದಿಗೆ ಇನ್ನೂ 2,000 ಅಡಿ ಕೂಡಿಸುತ್ತಾರೆ. ಅದಕ್ಕಿಂತ ಕೆಳಗೆ ಹೋಗುವ ಹಾಗಿಲ್ಲ. ಇನ್ನೊಂದು ಕಡೆ ಡಬ್ಬಿಯ ಆಮ್ಲಜನಕದ ಗೆರೆ. ಡಬ್ಬಿ ಮೊದಲ ನಿಮಿಷಗಳಲ್ಲಿ ಧಾರಾಳವಾಗಿ ಕೊಟ್ಟು ಆಮೇಲೆ ಕಡಿಮೆ ಮಾಡುತ್ತ ಹೋಗುತ್ತದೆ, ವಿಮಾನ ಅಷ್ಟರಲ್ಲಿ ಇಳಿದಿರುತ್ತದೆ ಎಂಬ ನಂಬಿಕೆಯ ಮೇಲೆ. ಹಾಗಾಗಿ ಇಂತಿಷ್ಟನೆಯ ನಿಮಿಷಕ್ಕೆ ಇಂತಿಷ್ಟು ಎತ್ತರಕ್ಕಿಂತ ಕೆಳಗಿರಲೇಬೇಕು. ಮೇಲಿನ ಗೆರೆ ಆಮ್ಲಜನಕದ್ದು, ಕೆಳಗಿನ ಗೆರೆ ಬೆಟ್ಟದ್ದು. ಎರಡರ ನಡುವೆ ನುಸುಳಿ ವಿಮಾನ ಮೆಟ್ಟಿಲಿಳಿದ ಹಾಗೆ ಇಳಿಯಬೇಕು: ಮೊದಲು ಒಂದು ಎತ್ತರಕ್ಕೆ ಧುಮುಕಿ ಅಲ್ಲಿ ಕೆಲವು ನಿಮಿಷ ಸಮತಲವಾಗಿ ಹೋಗುವುದು, ಒಂದು ಸಾಲು ದಾಟಿದ ಮೇಲೆ ಇನ್ನೊಂದು ಮೆಟ್ಟಿಲು, ಕೊನೆಗೆ ಕಣಿವೆಯ ಬಯಲು. ಎಲ್ಲಿಯಾದರೂ ಎರಡು ಗೆರೆಗಳು ಒಂದನ್ನೊಂದು ಕತ್ತರಿಸಿದರೆ ಆ ಹಾದಿ ರದ್ದು. ಬೇರೆ ಹಾದಿ ಹುಡುಕಬೇಕು.

ಇದರ ಜೊತೆಗೆ ಇನ್ನೊಂದು ಲೆಕ್ಕವೂ ನಡೆಯುತ್ತದೆ. ಎರಡು ಇಂಜಿನ್ನುಗಳಲ್ಲಿ ಒಂದು ಕೆಟ್ಟರೆ ವಿಮಾನ ಅಷ್ಟು ಎತ್ತರದಲ್ಲಿ ನಿಲ್ಲಲಾರದೆ ನಿಧಾನವಾಗಿ ಜಾರುತ್ತದೆ. ಆ ಜಾರುವ ಹಾದಿ ಬೇರೆ, ಗಾಳಿ ಕಳೆದುಕೊಂಡಾಗ ಧುಮುಕುವ ಹಾದಿ ಬೇರೆ. ಎರಡಕ್ಕೂ ಪ್ರತ್ಯೇಕವಾಗಿ ದಾರಿ ಹಾಕಿಡಬೇಕು.

ಆಮೇಲೆ ಇಳಿಯುವ ಊರು. ರನ್‌ವೇ ಸಾಕಷ್ಟು ಉದ್ದವಿರಬೇಕು, ರಾತ್ರಿಯಾದರೂ ತೆರೆದಿರಬೇಕು, ಹವಾಮಾನ ಸರಿಯಿರಬೇಕು, ಬೆಂಕಿ ಆರಿಸುವ ವಾಹನ, ಆಸ್ಪತ್ರೆ ಬೇಕು. ಆ ದೇಶ ಒಪ್ಪಿರಬೇಕು. ಪ್ರಾಣಾಪಾಯದಲ್ಲಿ ಯಾರೂ ಬಾಗಿಲು ಹಾಕುವುದಿಲ್ಲ ಎಂದು ನಂಬುವುದು ಬೇರೆ, ಹೊರಡುವ ಮುನ್ನ ಕಾಗದದ ಮೇಲೆ ಆ ಊರಿನ ಹೆಸರು ಬರೆಯುವುದು ಬೇರೆ. ಇವೆಲ್ಲ ಕೂಡಿದ ಮೇಲೆ ಮಾರ್ಗವನ್ನು ತುಂಡು ತುಂಡಾಗಿ ವಿಂಗಡಿಸುತ್ತಾರೆ. ಈ ಬಿಂದುವಿನವರೆಗೆ ತೊಂದರೆಯಾದರೆ ಹಿಂದಕ್ಕೆ, ಇಲ್ಲಿಂದ ಅಲ್ಲಿಯವರೆಗೆ ಬಲಕ್ಕೆ, ಆಮೇಲೆ ಮುಂದಕ್ಕೆ. ಪೈಲಟ್‌ಗಳು ಅದನ್ನು ಕಂಪ್ಯೂಟರಿನಲ್ಲಿ ಎರಡನೆಯ ಮಾರ್ಗವಾಗಿ ತುಂಬಿಸಿಟ್ಟು, ಪ್ರತಿ ತುಂಡಿಗೆ ಬಂದಾಗಲೂ ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ: ಈಗ ಏನಾದರೂ ಆದರೆ ಎಡಕ್ಕೆ. ನೂರಾರು ಮಂದಿ ಹಿಂದೆ ನಿದ್ದೆ ಮಾಡುತ್ತಿರುವಾಗ ಕಾಕ್‌ಪಿಟ್‌ನಲ್ಲಿ ಈ ಮಾತು ನಡೆದಿರುತ್ತದೆ.

ಈ ವಿದ್ಯೆಗೆ ನಿಜವಾದ ಪರೀಕ್ಷೆ ಬಂದದ್ದು 2018ರ ಮೇ 14ರ ಬೆಳಗ್ಗೆ. ಚೀನಾದ ಚೊಂಗ್‌ಚಿಂಗ್‌ನಿಂದ ಟಿಬೆಟ್‌ನ ಲಾಸಾಕ್ಕೆ ಹೊರಟ ಸಿಚುವಾನ್ ಏರ್‌ಲೈನ್ಸ್‌ನ ಏರ್‌ಬಸ್ ಎ319 ವಿಮಾನದಲ್ಲಿ 119 ಪ್ರಯಾಣಿಕರು, 9 ಸಿಬ್ಬಂದಿ ಇದ್ದರು. ಮೂವತ್ತೆರಡು ಸಾವಿರ ಅಡಿ ಆಸುಪಾಸಿನಲ್ಲಿ ಹೋಗುತ್ತಿರುವಾಗ ಕಾಕ್‌ಪಿಟ್‌ನ ಬಲಗಡೆಯ ಗಾಜು ಬಿರುಕುಬಿಟ್ಟು, ಮರುಗಳಿಗೆಯಲ್ಲಿ ಇಡೀ ಗಾಜೇ ಕಿತ್ತುಕೊಂಡು ಹೋಯಿತು. ಸಹಪೈಲಟ್‌ನ ಅರ್ಧ ದೇಹ ಹೊರಗೆ ಸೆಳೆಯಲ್ಪಟ್ಟಿತು. ಸೀಟ್ ಬೆಲ್ಟ್ ಉಳಿಸಿತು. ಉಪಕರಣಗಳು ಕೆಟ್ಟವು, ರೇಡಿಯೋದ ಮಾತು ಗಾಳಿಯ ಭೋರ್ಗರೆತದಲ್ಲಿ ಕೇಳಿಸದಾಯಿತು. ಕ್ಯಾಪ್ಟನ್ ಲಿಯು ಚುವಾನ್‌ಜಿಯಾನ್ ಒಂದು ಕೈಯಲ್ಲಿ ವಿಮಾನ ಹಿಡಿದಿದ್ದರು. ಮಾಸ್ಕ್ ಎಳೆದು ಹಾಕಿಕೊಳ್ಳಲೂ ಆಗಲಿಲ್ಲ. ಅವರ ಮೈಯೆಲ್ಲ 10,000 ಅಡಿಗೆ ಇಳಿ ಎನ್ನುತ್ತಿದ್ದಿರಬೇಕು. ಇಳಿಯುವಂತಿರಲಿಲ್ಲ. ಕೆಳಗೆ ಟಿಬೆಟ್‌ನ ಅಂಚಿನ ಪರ್ವತಗಳು. ಹಾಗಾಗಿ ಮೊದಲು 24,000 ಅಡಿಗೆ ಮಾತ್ರ ಇಳಿದು, ಕೊರೆವ ಚಳಿಯಲ್ಲೇ ವಿಮಾನ ತಿರುಗಿಸಿ, ಬೆಟ್ಟ ದಾಟಿದ ಮೇಲೆ ಮತ್ತೆ ಇಳಿದು ಚೆಂಗ್ಡು ನಿಲ್ದಾಣ ಮುಟ್ಟಿದರು. ಗಾಜು ಹೋದದ್ದರಿಂದ ನೆಲ ಮುಟ್ಟುವವರೆಗೆ ಸುಮಾರು 35 ನಿಮಿಷ. 128 ಮಂದಿಯೂ ಬದುಕಿದರು. ಗಾಜಿನ ಅಂಚಿನ ಮುಚ್ಚಿಗೆ ಹಾಳಾಗಿ ಒಳಗೆ ತೇವ ಸೇರಿ, ಗಾಜು ಬಿಸಿಮಾಡುವ ವಿದ್ಯುತ್ ತಂತಿ ಕಿಡಿಕಾರಿದ್ದು ಕಾರಣವೆಂದು ತನಿಖೆಯಲ್ಲಿ ಕಂಡುಬಂತು. ಕ್ಯಾಪ್ಟನ್‌ನ ಧೈರ್ಯದ ಮೇಲೆ ಚೀನಾದಲ್ಲಿ ಸಿನಿಮಾ ಬಂತು. ಅವರು ಹೊಗಳಿಕೆಗೆ ಅರ್ಹರೇ. ಆದರೆ ಆ 24,000 ಎಂಬ ಅಂಕಿಯೂ ಅಷ್ಟೇ ಹೊಗಳಿಕೆಗೆ ಅರ್ಹ. ಬೆಟ್ಟಗಳ ನಡುವೆ ಎಷ್ಟು ಇಳಿಯಬಹುದೆಂಬ ಲೆಕ್ಕ ಆ ಬೆಳಗ್ಗೆ ಹುಟ್ಟಿದ್ದಲ್ಲ.

ನಮ್ಮ ಜನ ಇಂಥ ಹಾದಿಯಲ್ಲಿ ಹೋಗುವುದು ಹೆಚ್ಚಾಗಿ ಲೇಹ್‌ಗೆ. ಪ್ರವಾಸಿಗರು ಹೋಗುತ್ತಾರೆ, ರಜೆ ಮುಗಿಸಿದ ನಮ್ಮ ಯೋಧರು ಹೋಗುತ್ತಾರೆ. ಲೇಹ್‌ನ ನಿಲ್ದಾಣ ಇರುವುದೇ 10,682 ಅಡಿಯಲ್ಲಿ. ಮಾಸ್ಕಿಲ್ಲದೆ ಉಸಿರಾಡಲು ಇಳಿಯಬೇಕಾದ 10,000 ಅಡಿಗಿಂತ ಅಲ್ಲಿನ ರನ್‌ವೇಯೇ ಎತ್ತರ! ಸುತ್ತ ಬೆಟ್ಟ, ಹಗಲೇರಿದಂತೆ ಗಾಳಿ ಎದ್ದು, ಬಿಸಿಲಿಗೆ ಇನ್ನಷ್ಟು ತೆಳುವಾಗುತ್ತದೆ. ಅದಕ್ಕೇ ಅಲ್ಲಿನ ನಾಗರಿಕ ವಿಮಾನಗಳ ಹಾರಾಟ ಬಹುಮಟ್ಟಿಗೆ ಬೆಳಗಿನ ಹೊತ್ತಿನಲ್ಲೇ ಮುಗಿಯುವುದು, ಅಲ್ಲಿಗೆ ಹಾರುವ ಪೈಲಟ್‌ಗಳಿಗೆ ವಿಶೇಷ ತರಬೇತಿ ಇರುವುದು. ಇದಕ್ಕೆ ಎದುರು ತುದಿಯಲ್ಲಿ ನಂಜನಗೂಡು ರಸ್ತೆಯಲ್ಲಿರುವ ಮೈಸೂರಿನ ಮಂಡಕಳ್ಳಿ ನಿಲ್ದಾಣವಿದೆ. ಅಲ್ಲಿಂದ ಏಳುವ ಎಟಿಆರ್ ಎಂಬ ಸಣ್ಣ ವಿಮಾನ 25,000 ಅಡಿ ಮೀರುವಂತಿಲ್ಲ. ಒತ್ತಡ ಹೋದರೂ ನಾಲ್ಕು ನಿಮಿಷದಲ್ಲಿ 13,000 ಅಡಿಗೆ ಇಳಿಯಬಲ್ಲದು. ಹಾಗಾಗಿ ಅದರಲ್ಲಿ ಜೋತುಬೀಳುವ ಮಾಸ್ಕ್‌ಗಳೇ ಇರಬೇಕೆಂಬ ನಿಯಮವಿಲ್ಲ.

ಪರ್ವತದ ಮೇಲಿನ ಹಾರಾಟಕ್ಕೂ ಕನ್ನಡ ನಾಡಿಗೂ ಇನ್ನೊಂದು ಹಳೆಯ ನಂಟಿದೆ. ವಾಲ್‌ಚಂದ್ ಹೀರಾಚಂದ್ ಅವರು 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ನೆಲ ಕೊಟ್ಟು, ಬಂಡವಾಳವನ್ನೂ ಹಾಕಿತ್ತು. ಮಹಾಯುದ್ಧದ ನಡುವೆ 1943ರಲ್ಲಿ ಅದು ಅಮೆರಿಕದ ಸೇನಾ ವಾಯುಪಡೆಯ 84ನೇ ಏರ್ ಡಿಪೋ ಆಯಿತು. ಆಗ ಅಸ್ಸಾಮಿನಿಂದ ಪೂರ್ವ ಹಿಮಾಲಯ ದಾಟಿ ಚೀನಾಕ್ಕೆ ಸರಕು ಸಾಗಿಸುವ ಹಂಪ್ ಎಂಬ ಹಾದಿ ನಡೆಯುತ್ತಿತ್ತು. ಆ ಕಾಲದ ಡಕೋಟಾಗಳಂಥ ವಿಮಾನಗಳ ದುರಸ್ತಿ ಬೆಂಗಳೂರಿನ ಕೆಲಸಗಾರರ ಕೈಯಲ್ಲಿ ನಡೆಯಿತು. ಅವುಗಳಲ್ಲಿ ಒಳಗಾಳಿ ಕಾಯುವ ಏರ್ಪಾಡೇ ಇರಲಿಲ್ಲ. ಎತ್ತರಕ್ಕೆ ಏರಿದ ಮೇಲೆ ಪೈಲಟ್‌ಗಳು ಮಾಸ್ಕ್ ಹಾಕಿಕೊಂಡೇ ಕೂರಬೇಕಿತ್ತು. ನಂಬಬಹುದಾದ ನಕ್ಷೆಯೂ ಇಲ್ಲದ ಆ ಹಾದಿಯಲ್ಲಿ ಮೂರೂವರೆ ವರ್ಷಗಳಲ್ಲಿ ಹತ್ತಿರ ಹತ್ತಿರ ಆರು ನೂರು ವಿಮಾನಗಳು ನಾಶವಾದವು. ಇಂದಿನ ಎಸ್ಕೇಪ್ ರೂಟಿನ ಕಾಗದ ನೋಡಿದಾಗ ಆ ಹುಡುಗರ ನೆನಪಾಗದೆ ಇರದು. ಅವರಿಗೆ ಯಾರೂ ಎಡಕ್ಕೋ ಬಲಕ್ಕೋ ಎಂದು ಹಾಕಿಕೊಟ್ಟಿರಲಿಲ್ಲ.

ಈಗ ಈ ಕಾಲಕ್ಕೆ, ನಮ್ಮ ಮನೆ ಬಾಗಿಲಿಗೆ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾರಿ, ಎಲ್ಲೂ ನಿಲ್ಲದೆ, 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮೂವರು, ಹೀಗೆ ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಮಹಿಳೆಯರು. ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗುವ ಮೈಸೂರು ಸೀಮೆಯ ಅಜ್ಜಿಯರಿಗೆ, ನಡುವೆ ಯಾವುದೋ ದೇಶದಲ್ಲಿ ವಿಮಾನ ಬದಲಿಸುವ ಗೋಳು ತಪ್ಪಿತು ಎಂದು ಆಗ ಎಷ್ಟೋ ಮನೆಗಳಲ್ಲಿ ಸಂತೋಷವಾಗಿತ್ತು. ಭೂಪಟದ ಮೇಲೆ ಬೆಂಗಳೂರಿನಿಂದ ಉತ್ತರಕ್ಕೆ ಗೆರೆ ಎಳೆದರೆ ಕಾರಕೋರಂ, ಪಾಮಿರ್, ಹಿಂದೂಕುಶ್‌ಗಳ ಗೋಡೆ ಅಡ್ಡ ಬರುತ್ತದೆ. ಆ ಗೋಡೆಯನ್ನು ಎಲ್ಲೋ ಒಂದು ಕಡೆ ದಾಟಬೇಕು, ಇಲ್ಲವೇ ಸುತ್ತಿ ಹೋಗಬೇಕು.

2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಸುತ್ತು ಹಾದಿಯಿಂದ ಇಂಧನ ಹೆಚ್ಚಿತು, ಗಂಟೆಗಳು ಹೆಚ್ಚಿದವು. ಕೋಲ್ಕತ್ತದಲ್ಲಿ ಇಂಧನಕ್ಕೆಂದು ನಿಲ್ಲುವುದೂ ಸೇರಿ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಪ್ರಯಾಣ ಮೂರು ಗಂಟೆಯಷ್ಟು ಉದ್ದವಾಗಿದೆ ಎಂದು ಆ ವರ್ಷದ ನವೆಂಬರ್‌ನಲ್ಲಿ ರಾಯಿಟರ್ಸ್ ವರದಿ ಮಾಡಿತು. ಚೀನಾದ ಷಿನ್‌ಜಿಯಾಂಗ್ ಮೇಲಿನ ಹಾದಿಯೊಂದನ್ನು ಕೊಡಿಸಿಕೊಡಿ ಎಂದು ಏರ್ ಇಂಡಿಯಾ ಸರ್ಕಾರವನ್ನು ಕೇಳುತ್ತಿದೆ ಎಂಬುದು ಅದೇ ವರದಿಯ ಮುಖ್ಯ ಸುದ್ದಿ. ಅದರಲ್ಲಿ ಬಹಳ ಜನ ಗಮನಿಸದ ಒಂದು ಸಾಲಿತ್ತು. ಸಂಸ್ಥೆ ಬರೀ ಹಾದಿ ಕೇಳಿರಲಿಲ್ಲ. ತುರ್ತಿಗೆ ಇಳಿಯಲು ಹೋಟಾನ್, ಕಾಶ್ಗರ್, ಉರುಮ್ಚಿ ನಿಲ್ದಾಣಗಳನ್ನೂ ಕೇಳಿತ್ತು. ಆ ಸೀಮೆಯ ಬೆಟ್ಟಗಳು 20,000 ಅಡಿ ಮೀರಿದವು. ಗಾಳಿ ಕಳೆದುಕೊಂಡ ವಿಮಾನ ಎಲ್ಲಿ ಇಳಿಯಬೇಕೆಂಬ ಚಿಂತೆಯಿಂದ ಲೋಕದ ವಿಮಾನ ಸಂಸ್ಥೆಗಳು ಅತ್ತ ಹಾಯುವುದೇ ಅಪರೂಪ. ಗೋಡೆಯ ಆಚೆಗೆ ಇಳಿಯಲು ಒಂದು ಊರಿಲ್ಲದಿದ್ದರೆ ಗೋಡೆ ದಾಟುವ ಹಾದಿಗೆ ಅರ್ಥವಿಲ್ಲ ಎಂಬುದು ಆ ಮೂರು ಹೆಸರುಗಳ ಹಿಂದಿನ ಲೆಕ್ಕ. ಆಕಾಶದ ಹಾದಿಗಾಗಿ ದೇಶದೇಶಗಳು ಮಾತಾಡುವಾಗ ದೂರ, ಇಂಧನ, ಟಿಕೆಟ್ ದರಗಳೇ ಪತ್ರಿಕೆಯ ತಲೆಬರಹವಾಗುತ್ತವೆ. ಇಳಿಯುವ ಊರಿನ ಮಾತೂ ಅಷ್ಟೇ ಗಟ್ಟಿಯಾಗಿ ಕೇಳಿಸಬೇಕು.

ಈ ಎಲ್ಲ ಲೆಕ್ಕವನ್ನು ಬಲ್ಲವರು ಮಾಡಿಟ್ಟಿರುತ್ತಾರೆ. ಪ್ರಯಾಣಿಕರ ಪಾಲಿಗೆ ಉಳಿಯುವ ಕೆಲಸ ಒಂದೇ, ಅದೂ ಅರ್ಧ ನಿಮಿಷದ್ದು. 2018ರ ಏಪ್ರಿಲ್ 17ರಂದು ಅಮೆರಿಕದ ಸೌತ್‌ವೆಸ್ಟ್ ವಿಮಾನವೊಂದರಲ್ಲಿ ಇಂಜಿನ್ ಒಡೆದು ಕಿಟಕಿ ಹೋದಾಗ ಒಳಗೆ ತೆಗೆದ ಚಿತ್ರಗಳನ್ನು ಲೋಕವೆಲ್ಲ ನೋಡಿತು. ಎಷ್ಟೋ ಜನ ಮಾಸ್ಕನ್ನು ಬಾಯಿಗೆ ಮಾತ್ರ ಹಿಡಿದಿದ್ದರು, ಮೂಗು ಹೊರಗೇ ಇತ್ತು. ದಿನವೂ ವಿಮಾನ ಹತ್ತುವ ದೇಶದವರ ಪಾಡೇ ಹೀಗಾದರೆ, ಜೀವಮಾನದಲ್ಲಿ ಒಮ್ಮೆ ಹತ್ತುವವರಿಗೆ ಯಾರಾದರೂ ಕೂರಿಸಿಕೊಂಡು ಹೇಳಿಕೊಡಬೇಕು. ಗಗನಸಖಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹೇಳುವುದು ನಮ್ಮ ಹಳ್ಳಿಯ ಹಿರಿಯರಿಗೆ ಅರ್ಥವಾಗದೆ ಹೋಗಬಹುದು. ಅಮ್ಮನನ್ನೋ ಅಜ್ಜಿಯನ್ನೋ ಬೆಂಗಳೂರಿನಲ್ಲಿ ವಿಮಾನ ಹತ್ತಿಸಲು ಹೋಗುವ ಮಕ್ಕಳು, ಮೊಮ್ಮಕ್ಕಳು ಉಪ್ಪಿನಕಾಯಿಯ ಡಬ್ಬಿ ಸೋರದಂತೆ ಕಟ್ಟಿಕೊಡುವ ಮುತುವರ್ಜಿಯಲ್ಲೇ ಇದನ್ನೂ ಕನ್ನಡದಲ್ಲಿ ಹೇಳಿಕೊಡಲಿ: ಮಾಸ್ಕ್ ಬಿದ್ದರೆ ತಡಮಾಡದೆ ಜೋರಾಗಿ ನಿಮ್ಮ ಕಡೆ ಎಳೆಯಿರಿ, ಎಳೆದರೇ ಅದು ಕೆಲಸ ಮಾಡುವುದು. ಮೂಗು, ಬಾಯಿ ಎರಡೂ ಮುಚ್ಚುವಂತೆ ಹಿಡಿದು ರಬ್ಬರ್ ಪಟ್ಟಿ ತಲೆಗೆ ಏರಿಸಿ. ಮೊದಲು ನಿಮಗೆ, ಆಮೇಲೆ ಪಕ್ಕದ ಮಗುವಿಗೆ. ನೀವು ಎಚ್ಚರವಿದ್ದರೆ ತಾನೇ ಮಗುವಿಗೆ ಹಾಕುವುದು. ವಿಮಾನ ಧುಮುಕುತ್ತಿರುವಂತೆ ಅನ್ನಿಸಿದರೆ ಹೆದರಬೇಡಿ, ಪೈಲಟ್ ಬೇಕೆಂದೇ ಇಳಿಸುತ್ತಿದ್ದಾನೆ. ಮಾಸ್ಕಿನ ಕೆಳಗಿನ ಪ್ಲಾಸ್ಟಿಕ್ ಚೀಲ ಉಬ್ಬದಿದ್ದರೂ ಆಮ್ಲಜನಕ ಬರುತ್ತಿರುತ್ತದೆ.